ಕನ್ನಡಿಯ ಮೇಲಿನ ಧೂಳು

ಜೂನ್ 8, ಭಾನುವಾರ
ವೀಕ್ಷಣಾಲಯದಿಂದ

ನನ್ನ ಮಗ ಎಲ್ಯೋರ್‌ಗೆ ನಿನ್ನ ಒಯೀ ಕಳಿಸುವ ಸಲಾಮು.

ಕಾಗದ ತಡವಾಯಿತು, ಬೈದುಕೊಳ್ಳಬೇಡ. ನಿಮ್ಮ ಗ್ಯಾಸ್ ಕೇಂದ್ರದ ಕಡೆ ಹೋಗುವ ಗಾಡಿ ಗುಡ್ಡದ ಕೆಳಗಿಂದ ಹತ್ತು ದಿನಕ್ಕೊಮ್ಮೆ ಹೊರಡುತ್ತದೆ. ಕಳೆದ ಸಲ ನಾನು ಬರೆದು ಮುಗಿಸುವಷ್ಟರಲ್ಲಿ ಡ್ರೈವರ್ ಹೊಲ್ಬೊಯ್ ಹಾರ್ನ್ ಹೊಡೆದು ಹೊಡೆದು ಬೇಸತ್ತು ಹೊರಟೇ ಹೋಗಿದ್ದ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನಿನ್ನ ದನಿ ಕೇಳಿದೊಡನೆ ನಾನು ಹವಾಮಾನ ಒಪ್ಪಿಸಿ ಇಟ್ಟುಬಿಡುತ್ತೇನೆ, ನಿನಗೇ ಗೊತ್ತು. ಮೂವತ್ತೊಂದು ವರ್ಷದಿಂದ ದಿನವೂ ಸಂಜೆ ಗಾಳಿ ಎಷ್ಟು, ತೇವ ಎಷ್ಟು, ಮೋಡ ಎಷ್ಟು ಎಂದು ಬರೆದು ಬರೆದು ನಾಲಿಗೆಗೂ ಅದೇ ಅಭ್ಯಾಸವಾಗಿದೆ. ನೀರು ಕುಡಿಯುತ್ತಿರು. ಆ ಮರಳುಗಾಡಿನಲ್ಲಿ ಬಾಯಾರಿದ ಮೇಲೆ ಕುಡಿಯುವುದಲ್ಲ, ಬಾಯಾರುವ ಮುಂಚೆ ಕುಡಿಯಬೇಕು.

ಈಗ ನೀನು ಕಾಯುತ್ತಿರುವ ಸುದ್ದಿ. ನಿನ್ನ ಹೆಂಡತಿ ಸೋಮವಾರ ಬಂದಳು. ಸಮರ್ಖಂಡದ ವಿಶ್ವವಿದ್ಯಾಲಯದಿಂದ ಈ ಸಲದ ತರಬೇತಿಗೆ ಮೂವರನ್ನು ಕಳಿಸಿದ್ದಾರೆ. ನಮ್ಮ ಸೋಜಿದಾ, ಕಾಮಿಲ್ ಎಂಬ ಬಾಗಿಲಿಗೆ ತಲೆ ತಾಗುವಷ್ಟು ಉದ್ದದ ತಾಷ್ಕೆಂಟಿನವನು, ಮತ್ತೆ ನುಕುಸ್ ಕಡೆಯ ಅಯ್ಸುಲು. ಈ ಅಯ್ಸುಲು ಮಾತಾಡುವುದೇ ಇಲ್ಲ, ಎಲ್ಲವನ್ನೂ ಬರೆದುಕೊಳ್ಳುತ್ತಾಳೆ. ನಾನು ಕೆಮ್ಮಿದರೂ ಬರೆದುಕೊಳ್ಳುತ್ತಾಳೇನೋ.

ಮೂವರಿಗೂ ಮೇಲ್ವಿಚಾರಕಿ ನಾನೇ. ಬೇಡವೆಂದು ನಿರ್ದೇಶಕರ ಹತ್ತಿರ ಹೋದೆ. ಎರ್ಮತ್ ದೋಮ್ಲಾ, ಗೊತ್ತಲ್ಲ, ನೀನು ಚಿಕ್ಕವನಿದ್ದಾಗ ಹೆದರಿ ಬಾಗಿಲ ಹಿಂದೆ ಅಡಗುತ್ತಿದ್ದ ಅದೇ ದೊಡ್ಡ ಹುಬ್ಬಿನವರು. "ದೋಮ್ಲಾ, ಅವಳು ನನ್ನ ಸೊಸೆ. ನಾನು ಅವಳಿಗೆ ಒಳ್ಳೆ ಅಂಕ ಕೊಟ್ಟರೂ ಜನ ಆಡ್ಕೋತಾರೆ, ಕೊಡದಿದ್ರೂ ಆಡ್ಕೋತಾರೆ," ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ, "ಹೊಸಿಯತ್ ಒಪಾ, ಈ ಗುಡ್ಡದ ಮೇಲೆ ನಾವಿರೋದೇ ಹನ್ನೊಂದು ಜನ. ಒಬ್ರಿಗೊಬ್ರು ನೆಂಟರಲ್ಲದೋರನ್ನ ನಾನೆಲ್ಲಿಂದ ತರ್ಲಿ?" ಎಂದರು. ಅಲ್ಲಿಗೆ ಮುಗಿಯಿತು.

ಮೂವರಲ್ಲಿ ಒಬ್ಬರನ್ನು ತಿಂಗಳ ಕೊನೆಗೆ ಆರಿಸಿ ಎರಡು ವರ್ಷ ಕಿರಿಯ ವೀಕ್ಷಕರಾಗಿ ಇಲ್ಲೇ ಇಟ್ಟುಕೊಳ್ಳುತ್ತಾರೆ. ಉಳಿದ ಇಬ್ಬರು ಪ್ರಮಾಣಪತ್ರ ತೆಗೆದುಕೊಂಡು ಊರಿಗೆ. ಸೋಜಿದಾ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಆ ಕೆಲಸದ ಮೇಲೆ ಅವಳ ಜೀವವಿದೆ. ನನಗೂ ಅದೇ ಯೋಚನೆ. ನಿಮ್ಮ ಮದುವೆಯ ದಿನ ಅವಳಪ್ಪ ಎಲ್ಲರ ಮುಂದೆ ಎದ್ದು ನಿಂತು, "ನಾನು ಹಳ್ಳಿ ಶಾಲೆ ಮೇಷ್ಟ್ರು, ಕೇಳೋದು ಒಂದೇ. ನನ್ನ ಮಗಳ ಓದು ಒಲೆ ಮುಂದೆ ನಿಂತುಹೋಗ್ಬಾರ್ದು," ಎಂದರಲ್ಲ. ಎದೆಯ ಮೇಲೆ ಕೈಯಿಟ್ಟು ಮಾತು ಕೊಟ್ಟವಳು ನಾನು. ನೀನು ಆಗ ನಾಚಿಕೊಂಡು ನೆಲ ನೋಡುತ್ತಿದ್ದೆ.

ಬಂದ ದಿನವೇ ಅವಳನ್ನು ಪಕ್ಕಕ್ಕೆ ಕರೆದು, "ಇಲ್ಲಿ ನನ್ನನ್ನ ಒಯೀ ಅನ್ಬೇಡ. ಎಲ್ಲರ ಹಾಗೆ ಉಸ್ತೋಜ್ ಅನ್ನು. ನಾನಿಲ್ಲಿ ಕಲಿಸೋಳು, ನೀನು ಕಲಿಯೋಳು," ಎಂದೆ.

"ಆಯ್ತು ಒಯೀ," ಎಂದಳು. ಕಾಮಿಲ್ ಬಿದ್ದು ಬಿದ್ದು ನಕ್ಕ.

ಕೆಲಸಕ್ಕೆ ಚುರುಕು, ಅದರಲ್ಲಿ ಎರಡು ಮಾತಿಲ್ಲ. ಕ್ಯಾಮೆರಾ ಜೋಡಿಸಲು ದೂರದರ್ಶಕದ ಕೊಳವೆಯನ್ನು ಕೆಳಗೆ ಬಾಗಿಸುವುದನ್ನು ಎರಡನೇ ಸಲಕ್ಕೇ ಕಲಿತಳು. ಕಾಮಿಲ್ ಇನ್ನೂ ಮೊಣಕೈ ಬಡಿಸಿಕೊಳ್ಳುತ್ತಿದ್ದಾನೆ. ಆದರೆ ನನಗೆ ಚಿಂತೆಯಾಗಿರುವುದು ಅವಳ ನಿದ್ದೆ. ಬೆಳಕು ಹರಿಯುವಾಗ ಕೆಲಸ ಮುಗಿಸಿ ಎಲ್ಲರೂ ಮಲಗಿದರೆ ಇವಳು ಮಲಗಿ ಒಂದೂವರೆ ಗಂಟೆಗೆಲ್ಲ ಎದ್ದು, ನೀರು ಚಿಮುಕಿಸಿ, ಅಂಗಳ ಗುಡಿಸುತ್ತಾಳೆ. ನಮ್ಮ ಮನೆಯ ಅಂಗಳವಲ್ಲ, ವೀಕ್ಷಣಾಲಯದ ಅಂಗಳ! "ಉಸ್ತೋಜ್, ನಿಮ್ಮ ಸೊಸೆನ ಹೀಗೇ ಬಿಟ್ರೆ ಈ ಗುಡ್ಡಾನ ಗುಡಿಸಿ ಕೆಳಗೆ ಹಾಕ್ಬಿಡ್ತಾಳೆ," ಎನ್ನುತ್ತಾನೆ ಕಾಮಿಲ್. ಅಡುಗೆಯವಳು ಮಗಳ ಹೆರಿಗೆಗೆಂದು ಹೋಗಿರುವುದರಿಂದ ಒಲೆಯೂ ಇವಳ ಪಾಲಿಗೇ ಬಂದಿದೆ. ಬೇಡವೆಂದರೆ ಕೇಳುವುದಿಲ್ಲ. ನಾನು ಗಟ್ಟಿಯಾಗಿ ಬೇಡವೆಂದೆನೋ ಇಲ್ಲವೋ, ಅದೂ ಒಂದು ಪ್ರಶ್ನೆಯೇ. ಸೊಸೆ ಕೈಯ ಬಿಸಿ ನಾನ್ ತಿನ್ನುವಾಗ ನನ್ನ ನಾಲಿಗೆಗೂ ರುಚಿಯಾಗಿಯೇ ಇರುತ್ತದೆ.

ಹದಿನೇಳನೇ ತಾರೀಕು ತಾಷ್ಕೆಂಟಿನಿಂದ ಸಮಿತಿಯವರು ಬರುತ್ತಾರೆ. ನಮ್ಮ ಹಳೆಯ ದೂರದರ್ಶಕವನ್ನು ಉಳಿಸಬೇಕೋ ಮುಚ್ಚಬೇಕೋ ಎಂದು ಅವರು ನೋಡಿ ಹೋಗಬೇಕಂತೆ. ದೋಮ್ಲಾರ ಹುಬ್ಬು ಈಗಲೇ ಗಂಟು ಬಿದ್ದಿದೆ. ದೇವರು ನಡೆಸಿದಂತಾಗಲಿ.

ಹುಷಾರಾಗಿರು ಮಗನೇ. ನಿನ್ನ ಬೆನ್ನು ಗಟ್ಟಿಯಾಗಿರಲಿ, ನೆರಳು ಸದಾ ನಿನ್ನ ತಲೆಯ ಮೇಲಿರಲಿ.

ನಿನ್ನ ಒಯೀ,
ಹೊಸಿಯತ್

ತಾ.ಕ. ಸೋಜಿದಾ ತೆಳ್ಳಗಾಗಿದ್ದಾಳೆ. ನಾನು ತಿನ್ನಿಸುತ್ತಿಲ್ಲವೆಂದು ಅಂದುಕೊಳ್ಳಬೇಡ.


ಜೂನ್ 19, ಗುರುವಾರ
ವೀಕ್ಷಣಾಲಯದಿಂದ

ಎಲ್ಯೋರ್, ನನ್ನ ಕಂದ,

ಸಲಾಮು. ಮೂರು ದಿನದಿಂದ ಕಾಗದ ಹರಡಿಕೊಂಡು ಕೂತು ಮಡಿಸಿ ಎತ್ತಿಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಗಾಡಿ ಹೊರಡುತ್ತದೆ, ಇನ್ನು ಮುಂದೂಡುವಂತಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಎಲ್ಲರೂ ಜೀವಂತವಾಗಿದ್ದೇವೆ, ಯಾರಿಗೂ ಪೆಟ್ಟಾಗಿಲ್ಲ. ಪೆಟ್ಟಾಗಿರುವುದು ದೂರದರ್ಶಕದ ಕನ್ನಡಿಗೆ. ಮಾಡಿದವಳು ಸೋಜಿದಾ.

ಸಮಿತಿಯವರು ಬರುವ ಹಿಂದಿನ ದಿನ, ಸೋಮವಾರ. ನಾನು ಅಡುಗೆಮನೆಯಲ್ಲಿ ಸೊಮ್ಸಾಗೆ ಹಿಟ್ಟು ನಾದಿಟ್ಟು, ಹನ್ನೊಂದು ಗಂಟೆಯ ಹೊತ್ತಿಗೆ ಗುಮ್ಮಟದೊಳಗೆ ಎಲ್ಲ ಸರಿಯಿದೆಯೇ ಎಂದು ನೋಡಲು ಹೋದೆ. ಬಾಗಿಲು ತೆರೆದಿತ್ತು. ನೆಲ ಫಳಫಳ. ಏಣಿ, ಕುರ್ಚಿ, ಗಡಿಯಾರದ ಗಾಜು, ಎಲ್ಲವನ್ನೂ ಒರೆಸಿಯಾಗಿತ್ತು. ಮನಸ್ಸಿನಲ್ಲೇ ಭೇಷ್ ಎಂದುಕೊಂಡೆ. ಆಮೇಲೆ ನೋಡುತ್ತೇನೆ, ಕೊಳವೆ ಅಡ್ಡ ಮಲಗಿದೆ, ಬುಡದ ಚಿಕ್ಕ ಬಾಗಿಲು ತೆರೆದಿದೆ, ಸೋಜಿದಾ ಭುಜದವರೆಗೆ ಒಳಗಿದ್ದಾಳೆ. ಪಕ್ಕದಲ್ಲಿ ಕಾಯಿಸಿ ಆರಿಸಿದ ನೀರು. ಕೈಯಲ್ಲಿ ಮೆತ್ತನೆಯ ಬಿಳಿ ಬಟ್ಟೆ, ಅವಳ ಹೊಸ ತಲೆವಸ್ತ್ರವನ್ನೇ ಹರಿದದ್ದು.

ನನ್ನನ್ನು ಕಂಡು ಅವಳ ಮುಖ ಅರಳಿತು. "ನೋಡಿ ಉಸ್ತೋಜ್, ಹೇಗೆ ಹೊಳೀತಿದೆ!"

ನಿಜವಾಗಿಯೂ ಹೊಳೆಯುತ್ತಿತ್ತು, ಎಲ್ಯೋರ್.

ನೀನು ಇಲ್ಲೇ ಆಡಿ ಬೆಳೆದವನು, ನಿನಗೆ ಹೇಳಬೇಕಾಗಿಲ್ಲ. ಆದರೂ ಬರೆದರೆ ನನ್ನ ಮನಸ್ಸಿಗೆ ಸಮಾಧಾನ. ಆ ಗಾಜಿನ ಮೇಲಿರುವ ಅಲ್ಯೂಮಿನಿಯಂ ಪದರ ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿನಷ್ಟೂ ಇಲ್ಲ. ಧೂಳು ಕೂತರೆ ಕೂರಲಿ ಎಂದು ಬಿಡುತ್ತೇವೆ. ಬೆಳಕು ಒಂದಿಷ್ಟು ಕಡಿಮೆ ಬರುತ್ತದೆ, ಅಷ್ಟೇ. ಒರೆಸಿದರೆ ಆ ಧೂಳಿನ ಕಣಗಳೇ ಪದರವನ್ನು ಗೀರಿಹಾಕುತ್ತವೆ. ಎರಡು ವರ್ಷಕ್ಕೊಮ್ಮೆ ನಗರದಿಂದ ಅದಕ್ಕೆಂದೇ ಒಬ್ಬರು ಬಂದು ಉಸಿರು ಬಿಗಿಹಿಡಿದು ತೊಳೆಯುತ್ತಾರೆ, ಆ ದಿನ ನಾವು ಗುಮ್ಮಟದಲ್ಲಿ ಸೀನುವುದೂ ಇಲ್ಲ. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದೆ. ಬೂದಿ ಹಾಕಿ ಪಾತ್ರೆ ತಿಕ್ಕಿದ ಗುರುತಿನಂತೆ ಸುತ್ತು ಸುತ್ತು ಗೀರುಗಳು, ಅಂಚಿನಿಂದ ಅಂಚಿನವರೆಗೆ. ಅಷ್ಟು ಶ್ರದ್ಧೆಯಿಂದ ಒರೆಸಿದ್ದಳು, ಒಂದು ಮೂಲೆಯನ್ನೂ ಬಿಟ್ಟಿರಲಿಲ್ಲ.

ನಾನು ಕೂಗಾಡಲಿಲ್ಲ. "ಕೈ ತೆಗಿ," ಎಂದೆ, ಅಷ್ಟೇ. ನನ್ನ ಮುಖ ನೋಡಿ ಅವಳಿಗೆ ಅರ್ಥವಾಯಿತು. ಬಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಗೆ ಒತ್ತಿಕೊಂಡು ನಿಂತಳು.

ಮಧ್ಯಾಹ್ನ ದೋಮ್ಲಾ ಎಲ್ಲರನ್ನೂ ತಮ್ಮ ಕೋಣೆಗೆ ಕರೆದರು. ಅವರಿಗೂ ಕೂಗಾಡುವ ಶಕ್ತಿ ಇರಲಿಲ್ಲ.

"ನಾಲ್ಕು ವರ್ಷ ಓದಿದೋಳಮ್ಮ ನೀನು," ಎಂದರು.

"ದೋಮ್ಲಾ, ನಮ್ಮಲ್ಲಿರೋದು ಒಂದು ಚಿಕ್ಕ ಮಸೂರದ ದುರ್ಬೀನು. ಇಂಥ ಕನ್ನಡಿನ ನಾವು ಚಿತ್ರದಲ್ಲಿ ಬಿಟ್ರೆ ನೋಡಿದ್ದೇ ಇಲ್ಲಿ," ಎಂದು ಕಾಮಿಲ್ ಮಧ್ಯೆ ಬಾಯಿ ಹಾಕಿದ. ಒಳ್ಳೆಯ ಮನಸ್ಸು ಅವನದು, ನಾನು ಸುಮ್ಮನೆ ಬೈಯುತ್ತಿದ್ದೆ.

"ನಿನ್ನನ್ನ ಕೇಳ್ಲಿಲ್ಲ," ಎಂದು ದೋಮ್ಲಾ ಅವನನ್ನು ಕೂರಿಸಿದರು. ಸೂಚನೆಗಳ ಪುಸ್ತಕ ತೆಗೆದು ಮೊದಲ ದಿನದ ಪುಟ ತೋರಿಸಿದರು. 'ಕನ್ನಡಿಯನ್ನು ಯಾವ ಕಾರಣಕ್ಕೂ ಮುಟ್ಟತಕ್ಕದ್ದಲ್ಲ' ಎಂಬುದು ಅಲ್ಲಿ ನಾಲ್ಕನೇ ಸಾಲು. ಕೆಳಗೆ ಮೂರು ಸಹಿಗಳು. "ಇದು ನಿನ್ನ ಸಹಿ ತಾನೇ?"

"ಹೌದು ದೋಮ್ಲಾ."

"ಹಾಗಾದ್ರೆ ಗೊತ್ತಿದ್ದೂ ಮಾಡ್ದೆ. ಯಾರಾದ್ರೂ ಹೇಳಿದ್ರಾ ನಿಂಗೆ ಒರೆಸು ಅಂತ?"

"ಇಲ್ಲ."

"ಮೊದಲ ದಿನ ಉಸ್ತೋಜ್ ಇದನ್ನೆಲ್ಲ ಬಾಯಲ್ಲೂ ಹೇಳಿದ್ರಲ್ಲ?"

ಅವಳು ನೆಲ ನೋಡುತ್ತ ನಿಂತಳು. ದೋಮ್ಲಾ ನನ್ನ ಕಡೆ ತಿರುಗಿದರು, ಎಲ್ಲರೂ ತಿರುಗಿದರು. ನಾನು ಹೌದೆಂದು ತಲೆಯಾಡಿಸಿದೆ.

ಸಮಿತಿಯವರು ಮಾರನೇ ದಿನ ಬಂದರು. ಗುಮ್ಮಟ ತೆರೆಯಲಿಲ್ಲ, ಯಂತ್ರ ಕೆಟ್ಟಿದೆ ಎಂದೆವು. ಪಲಾವು ತಿಂದು, ಕಣಿವೆಯ ಫೋಟೋ ತೆಗೆದುಕೊಂಡು ಹೋದರು. ಅವರ ಮನಸ್ಸಿನಲ್ಲಿ ಏನಿತ್ತೋ ಏನೋ. ಕನ್ನಡಿಯನ್ನು ಬಿಚ್ಚಿ ಹೊಸ ಲೇಪ ಹಾಕಿಸಲು ಕಳಿಸಬೇಕು, ಅದು ವಾಪಸು ಬರುವಷ್ಟರಲ್ಲಿ ಆಗಸ್ಟ್ ಮುಗಿಯುತ್ತದೆ. ವರ್ಷದಲ್ಲಿ ನಮಗೆ ಒಳ್ಳೆಯ ಆಕಾಶ ಸಿಗುವುದೇ ಈ ನಾಲ್ಕು ತಿಂಗಳು.

ಇಪ್ಪತ್ತೈದರ ಒಳಗೆ ನಾನು ಮೂವರ ಬಗ್ಗೆಯೂ ವರದಿ ಬರೆದುಕೊಡಬೇಕು. ಅದನ್ನು ನೋಡಿ ದೋಮ್ಲಾ ತೀರ್ಮಾನಿಸುತ್ತಾರೆ. ಯಾರನ್ನು ಇಟ್ಟುಕೊಳ್ಳುವುದು ಎಂಬುದು ಮಾತ್ರವಲ್ಲ, ಸೋಜಿದಾಗೆ ತರಬೇತಿ ಮುಗಿಸಿದ ಪ್ರಮಾಣಪತ್ರ ಕೊಡಬೇಕೋ ಬೇಡವೋ ಎಂಬುದನ್ನೂ. ಅದಿಲ್ಲದಿದ್ದರೆ ಪದವಿಯೇ ಸಿಗುವುದಿಲ್ಲವಂತೆ. ಊಟ ಸೇರುತ್ತಿಲ್ಲ. ಹೊರಗೆ ಗಾಡಿಯ ಸದ್ದಾದರೆ ಯಾರೋ ನನ್ನನ್ನೇ ಕರೆದುಕೊಂಡು ಹೋಗಲು ಬಂದರೇನೋ ಎಂದು ಕಿಟಕಿಗೆ ಹೋಗಿ ನೋಡುತ್ತೇನೆ. ಯಾಕೆ ಹೀಗಾಗುತ್ತದೋ, ವಯಸ್ಸಾಯಿತೇನೋ.

ಅವಳು ಈಗಲೂ ಬೆಳಿಗ್ಗೆ ಎದ್ದು ಅಂಗಳ ಗುಡಿಸುತ್ತಾಳೆ. ಗುಮ್ಮಟದ ಬಾಗಿಲವರೆಗೆ ಗುಡಿಸಿ ಅಲ್ಲಿಂದ ಹಿಂದಕ್ಕೆ ಬರುತ್ತಾಳೆ. ನನಗೆ ಚಹಾ ತಂದಿಡುತ್ತಾಳೆ, ಎರಡೂ ಕೈಯಿಂದ ಪಿಯೋಲಾ ಬಟ್ಟಲು ಹಿಡಿದು, ತಲೆ ಬಾಗಿಸಿ. ಒಂದು ದೂರಿಲ್ಲ, ಒಂದು ಕಣ್ಣೀರಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ನಿನ್ನೆ ತಡೆಯಲಾರದೆ, "ಮಗಳೇ, ಏನಾದ್ರೂ ಮಾತಾಡೇ," ಎಂದೆ. "ಹಿಟ್ಟು ಮುಗೀತಾ ಬಂತು ಉಸ್ತೋಜ್, ಹೊಲ್ಬೊಯ್‌ಗೆ ಹೇಳ್ಬೇಕು," ಎಂದಳು.

ಫೋನ್ ಮಾಡಿ ಅವಳನ್ನು ಬೈಯಬೇಡ. ಅವಳಪ್ಪನಿಗೂ ಇನ್ನೂ ತಿಳಿಸಿಲ್ಲ. ದೇವರು ನಿನ್ನನ್ನು ಬೆಂಕಿಯಿಂದ ಬಿಸಿಲಿನಿಂದ ಕಾಪಾಡಲಿ.

ನಿನ್ನ ಒಯೀ

ತಾ.ಕ. ಅವಳು ನಿನಗೆ ಏನಾದರೂ ಹೇಳಿದಳೇ? ಹೇಳಿದ್ದರೆ ಏನೆಂದು ಹೇಳಿದಳು, ಒಂದು ಸಾಲು ಬರೆದು ಹೊಲ್ಬೊಯ್ ಕೈಯಲ್ಲಿ ಕಳಿಸು.


ಜೂನ್ 28, ಶನಿವಾರ
ವೀಕ್ಷಣಾಲಯದಿಂದ

ಮಗನೇ ಎಲ್ಯೋರ್,

ಸಲಾಮು ಹೇಳಲೂ ಸಂಕೋಚವಾಗುತ್ತಿದೆ. ಮಂಗಳವಾರ ನೀನು ಫೋನ್ ಮಾಡಿದಾಗ, "ಒಯೀ, ಅವ್ಳು ಏನೂ ಹೇಳ್ತಿಲ್ಲ. ತಪ್ಪು ನಂದೇ ಅಂತಾಳೆ, ಬೇರೆ ಮಾತೇ ಇಲ್ಲ. ನೀವಾದ್ರೂ ಹೇಳಿ, ಏನಾಯ್ತು?" ಎಂದು ಕೇಳಿದೆ. ನಾನು ಇಲ್ಲಿ ಗಾಳಿ ಜೋರಾಗಿದೆ, ತೇವ ನಲವತ್ತರ ಮೇಲಿದೆ ಎಂದು ಹೇಳಿ ಇಟ್ಟುಬಿಟ್ಟೆ. ಗಾಳಿ ಇರಲಿಲ್ಲ. ಎಲೆ ಅಲ್ಲಾಡುತ್ತಿರಲಿಲ್ಲ.

ವರದಿ ಬರೆದುಕೊಟ್ಟೆ. ಅಯ್ಸುಲು ಬಗ್ಗೆ ಒಂದು ಪುಟ, ಕಾಮಿಲ್ ಬಗ್ಗೆ ಅರ್ಧ ಪುಟ. ಸೋಜಿದಾ ಬಗ್ಗೆ ಐದು ಸಾಲು. ಶ್ರಮಜೀವಿ, ಚುರುಕು, ಆದರೆ ಅತಿ ಉತ್ಸಾಹದಿಂದ, ಲಿಖಿತ ಸೂಚನೆಯನ್ನು ಮೀರಿ, ಸ್ವಂತ ನಿರ್ಧಾರದಿಂದ ಕನ್ನಡಿಯನ್ನು ಒರೆಸಿದ್ದಾಳೆ. ಹೀಗೆ ಬರೆದೆ. ನನ್ನದೇ ಅಕ್ಷರ.

ದೋಮ್ಲಾ ಗುರುವಾರ ತೀರ್ಮಾನ ಹೇಳಿದರು. ಅಯ್ಸುಲು ಉಳಿಯುತ್ತಾಳೆ. ಕಾಮಿಲ್‌ಗೆ ಪ್ರಮಾಣಪತ್ರ. ಸೋಜಿದಾಗೆ ಅದೂ ಇಲ್ಲ. ಕೇಳಿ ಅಯ್ಸುಲು ಮೊದಲ ಸಲ ಬಾಯಿ ಬಿಟ್ಟಳು, "ನನಗೆ ಈ ಜಾಗ ಬೇಡ ದೋಮ್ಲಾ," ಎಂದು ಅತ್ತುಬಿಟ್ಟಳು. ಅವಳನ್ನು ಸಮಾಧಾನ ಮಾಡಿದವಳು ಸೋಜಿದಾ. ಬೆನ್ನು ಸವರುತ್ತ, "ಬೇಡ ಅಂದ್ರೆ ನನಗೇನು ಕೊಡ್ತಾರಾ? ಸುಮ್ನಿರೇ," ಎನ್ನುತ್ತಿದ್ದಳು.

ನಮ್ಮ ಮನೆಗೆ ಹೋಗು, ಬೀಗದ ಕೈ ಪಕ್ಕದ ಮನೆಯಲ್ಲಿದೆ ಎಂದೆ ನಾನು. "ಸ್ವಲ್ಪ ದಿನ ಅಪ್ಪನ ಹತ್ರ ಇರ್ತೀನಿ ಉಸ್ತೋಜ್," ಎಂದಳು. ಒಯೀ ಎನ್ನಲಿಲ್ಲ. ಇಲ್ಲಿಗೆ ಬಂದ ದಿನ ನಾನು ಹಾಗೆ ಅನ್ನಬೇಡವೆಂದಿದ್ದೆನಲ್ಲ, ಅದನ್ನೇ ಪಾಲಿಸುತ್ತಿದ್ದಾಳೆ ಎಂದು ನನಗೆ ನಾನೇ ಹೇಳಿಕೊಂಡೆ.

ನಿನ್ನೆ ಅವಳಪ್ಪ ಬಂದರು. ಬಸ್ಸಿಳಿದು ಕೆಳಗಿನ ಹಳ್ಳಿಯಿಂದ ನಡೆದೇ ಹತ್ತಿದ್ದಾರೆ, ಅಂಗಿಯೆಲ್ಲ ಬೆವರು. ಕೂರಿ ಎಂದರೆ ಕೂರಲಿಲ್ಲ. ನಿಂತೇ ಒಂದು ಪಿಯೋಲಾ ಚಹಾ ಕುಡಿದರು. ಮದುವೆಯಲ್ಲಿ ನಾನು ಕೊಟ್ಟ ಮಾತನ್ನು ಎತ್ತುತ್ತಾರೆ, ಎತ್ತಲಿ, ಬೈಯಲಿ ಎಂದು ಕಾಯುತ್ತಿದ್ದೆ. ಅವರು ಎದೆಯ ಮೇಲೆ ಕೈಯಿಟ್ಟು ನನಗೆ ತಲೆ ಬಾಗಿಸಿದರು.

"ಹೊಸಿಯತ್ ಒಪಾ, ನೀವು ನನ್ನ ಮಗಳಿಗೆ ಓದೋಕೆ ಅವಕಾಶ ಕೊಟ್ರಿ, ಇಲ್ಲಿಗೂ ಕರ್ಕೊಂಡ್ಬಂದ್ರಿ. ಅವಳು ನಿಮ್ಮ ಮರ್ಯಾದೆ ತೆಗೆದ್ಲು. ಕಲಿಸೋದ್ರಲ್ಲಿ ನಾನೆಲ್ಲೋ ಎಡವಿದೆ. ಕ್ಷಮಿಸ್ಬೇಕು," ಎಂದರು.

ನಾನು ಏನು ಹೇಳಿದೆ ಎಂದು ಕೇಳು. "ಪರವಾಗಿಲ್ಲ, ಮಕ್ಕಳು," ಎಂದೆ. ಇಷ್ಟು ವರ್ಷ ಬದುಕಿ ಇದಕ್ಕಿಂತ ಕೆಟ್ಟ ಮಾತು ನನ್ನ ಬಾಯಿಂದ ಬಂದಿಲ್ಲ. ಅವಳು ಅಪ್ಪನ ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದಳು. ತಲೆ ಎತ್ತಿ ಒಂದೇ ಒಂದು ಸಲ ನನ್ನನ್ನು ನೋಡಿದಳು. ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಮಾತಾಡುತ್ತೇನೇನೋ ಎಂದು ಕಾದಳು, ಅಷ್ಟೇ. ಆಮೇಲೆ ಇಬ್ಬರೂ ಇಳಿದು ಹೋದರು. ತಿರುವು ದಾಟುವವರೆಗೂ ಆ ಮೇಷ್ಟ್ರ ಬಿಳಿ ಅಂಗಿ ಕಾಣುತ್ತಿತ್ತು.

ಅವರು ಹೋದ ಮೇಲೆ ನನ್ನಿಂದ ತಡೆಯಲಾಗಲಿಲ್ಲ. ಬಿಳಿ ಹಾಳೆ ತೆಗೆದು ದೋಮ್ಲಾಗೆ ಬರೆದೆ. ಮೊದಲ ದಿನ ನಾನು ತರಬೇತಿಯವರಿಗೆ ಗುಮ್ಮಟ ತೋರಿಸಿ, ಏನು ಮುಟ್ಟಬೇಕು ಏನು ಮುಟ್ಟಬಾರದು ಎಂದು ಹೇಳಿದ್ದು ಕಾಮಿಲ್‌ಗೆ, ಅಯ್ಸುಲುಗೆ ಮಾತ್ರ. ಆ ಹೊತ್ತಿನಲ್ಲಿ ಸೋಜಿದಾ ಗುಮ್ಮಟದಲ್ಲಿ ಇರಲಿಲ್ಲ. ಅವರನ್ನು ಕರೆತಂದ ವಿಶ್ವವಿದ್ಯಾಲಯದವರಿಗೆ ಊಟಕ್ಕಾಗಬೇಕಿತ್ತು, ಅವಳನ್ನು ಒಲೆ ಮುಂದೆ ಕಳಿಸಿದವಳು ನಾನು. ಸಂಜೆ ಪುಸ್ತಕ ಹಿಡಿದುಕೊಂಡು ಅಡುಗೆಮನೆಗೆ ಹೋಗಿ, "ಇಲ್ಲೊಂದು ಸಹಿ ಹಾಕು," ಎಂದೆ. ಅವಳ ಕೈ ಎಣ್ಣೆಯಾಗಿತ್ತು, ಅಂಗಿಯ ಅಂಚಿಗೆ ಒರೆಸಿಕೊಂಡು ಓದದೆ ಹಾಕಿದಳು. ಅತ್ತೆ ಚಾಚಿದ ಕಾಗದವನ್ನು ಯಾವ ಸೊಸೆ ಓದುತ್ತ ನಿಲ್ಲುತ್ತಾಳೆ? ಮನೆಯವಳು ತಾನೇ, ನಿಧಾನವಾಗಿ ಹೇಳಿದರಾಯಿತು ಎಂದುಕೊಂಡೆ. ಹೇಳಲಿಲ್ಲ. ಬೇರೆ ಯಾರ ಮನೆಯ ಹುಡುಗಿಯಾಗಿದ್ದರೂ ಹೀಗೆ ಮಾಡುತ್ತಿರಲಿಲ್ಲ. ಇಷ್ಟನ್ನೂ ಬರೆದು, ನಾನು ಅಂದು ತಲೆಯಾಡಿಸಿದ್ದು ಸುಳ್ಳು, ವರದಿಯ ಐದು ಸಾಲೂ ಸುಳ್ಳು ಎಂದು ಸೇರಿಸಿ, ಕೆಳಗೆ ಹೆಸರು ಹಾಕಿ, ನಾನೇ ತೆಗೆದುಕೊಂಡು ಹೋಗಿ ಕೊಟ್ಟೆ.

ದೋಮ್ಲಾ ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿವೃತ್ತಿಗೆ ಎಷ್ಟಿದೆ ಒಪಾ?"

"ಎರಡು ವರ್ಷ."

"ಹನ್ನೊಂದು ದಿನ ಆಯ್ತಲ್ಲ ಇದಾಗಿ. ಮೊದಲ್ನೇ ದಿನ ಹೇಳಿದ್ರೆ ನಾನೇನು ನಿಮ್ಮನ್ನ ನುಂಗ್ತಿದ್ನಾ?" ಎಂದರು. ಮತ್ತೆ ಕನ್ನಡಕ ಹಾಕಿಕೊಂಡು, "ವಿಶ್ವವಿದ್ಯಾಲಯಕ್ಕೆ ಆಗಲೇ ಬರೆದು ಕಳಿಸಿದೀನಿ. ವಾಪಸ್ ತಗೊಳ್ಳೋಕಾಗತ್ತಾ ನೋಡ್ತೀನಿ. ನಿಮ್ಮ ವಿಷಯ ಸೋಮವಾರ," ಎಂದರು.

ಹಾಗಾಗಿ ಸೋಮವಾರದವರೆಗೆ ಏನೂ ಗೊತ್ತಿಲ್ಲ. ಅವಳಿಗೆ ಪ್ರಮಾಣಪತ್ರ ಸಿಗುತ್ತದೋ, ನನಗೆ ಕೆಲಸ ಉಳಿಯುತ್ತದೋ. ನನ್ನದು ಹೋದರೆ ಹೋಗಲಿ ಎಂದು ಬರೆಯಲು ಆಸೆ, ಆದರೆ ಅದೂ ಪೂರ್ತಿ ನಿಜವಲ್ಲ, ನನಗೆ ಭಯವಿದೆ. ನೀನು ರಜೆ ಕೇಳಿ ಮೊದಲು ಅವಳಪ್ಪನ ಮನೆಗೆ ಹೋಗು. ನನ್ನ ಪರವಾಗಿ ಮಾತಾಡಬೇಡ. ಈ ಕಾಗದವನ್ನು ಆ ಮೇಷ್ಟ್ರಿಗೆ ಓದಿ ಹೇಳು. ಅವರು ನನ್ನ ಮುಂದೆ ಬಗ್ಗಿಸಿದ ತಲೆಯನ್ನು ಎತ್ತಲಿ.

ನಿಮ್ಮಿಬ್ಬರ ಬಾಳು ಒಟ್ಟಿಗೇ ಸಾಗಲಿ, ನಿಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೆದರದಿರಲಿ. ಅದಕ್ಕಿಂತ ದೊಡ್ಡ ಹರಕೆ ಈಗ ನನಗೆ ತೋಚುತ್ತಿಲ್ಲ.

ನಿನ್ನ ಒಯೀ,
ಹೊಸಿಯತ್

ತಾ.ಕ. ಅಂಟಿಸಿದ ಲಕೋಟೆಯನ್ನು ಮತ್ತೆ ಬಿಡಿಸಿದ್ದೇನೆ. ದೋಮ್ಲಾಗೆ ಎಲ್ಲವನ್ನೂ ಬರೆಯಲಿಲ್ಲ, ಎಲ್ಯೋರ್. ಆ ಸೋಮವಾರ ಬೆಳಿಗ್ಗೆ, ನಾನು ಹಿಟ್ಟು ನಾದುತ್ತಿದ್ದಾಗ, ಅವಳು ಬಂದು ಕೇಳಿದ್ದಳು. "ಒಯೀ, ಗುಮ್ಮಟದ ತುಂಬ ಧೂಳಿದೆ. ನಾಳೆ ದೊಡ್ಡೋರು ಬರ್ತಾರೆ, ಒರೆಸಿಬಿಡ್ಲಾ? ಯಾವ್ದನ್ನ ಮುಟ್ಬಾರ್ದು ಅಂತ ಒಂದ್ಸಲ ಹೇಳ್ತೀರಾ?" ನಾನು ತಲೆಯನ್ನೂ ಎತ್ತಲಿಲ್ಲ. "ಧೂಳು ಕಂಡ್ರೆ ಒರೆಸೋಕೂ ನಾನೇ ಹೇಳ್ಬೇಕಾ? ನಿಮ್ಮಮ್ಮ ಇಷ್ಟೂ ಕಲಿಸಿಲ್ವಾ?" ಎಂದೆ. ಇದನ್ನು ಸೋಮವಾರ ದೋಮ್ಲಾಗೆ ಬಾಯಿಬಿಟ್ಟು ಹೇಳುತ್ತೇನೆ. ಇದರ ಮುಂದಿನದು ನಿನಗೆ ಮಾತ್ರ, ಮೇಷ್ಟ್ರಿಗೆ ಓದಬೇಡ. ಯಾರಾದರೂ ಹೇಳಿದರಾ ಎಂದು ದೋಮ್ಲಾ ಕೇಳಿದಾಗ ಅವಳು ಇಲ್ಲ ಎಂದಳಲ್ಲ, ಆಗ ನನಗೆ ಭಯವಾಗಲಿಲ್ಲ. ಭಯ ಆಮೇಲೆ ಬಂತು. ಅಷ್ಟು ಜನರ ಎದುರು ಅತ್ತೆಯ ಹೆಸರೆತ್ತದೆ ನಿಂತಿದ್ದಾಳೆ, ಎಂಥ ಸೊಸೆಯನ್ನು ತಯಾರು ಮಾಡಿದ್ದೇನೆ ನೋಡಿ ಎಂದು ನನಗೆ ಹೆಮ್ಮೆಯಾಯಿತು. ನಾನು ತಲೆಯಾಡಿಸಿದ್ದು ಆ ಹೆಮ್ಮೆಯಲ್ಲಿ.